ನಾಲ್ಕುನಾಡು ಅರಮನೆ ನೋಡಿ, ರಾತ್ರಿ ಉಳಿಯುವುದು ಬೇರೆ ಊರಲ್ಲಿರಲಿ

ಕೊಡಗಿನ ನಾಲ್ಕುನಾಡು ಅರಮನೆ ಇರುವ ಕಕ್ಕಬ್ಬೆ ಸುತ್ತಮುತ್ತ ಹೋಂಸ್ಟೇ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಒಂದು ವಿಷಯ ಕೇಳಿಕೊಳ್ಳಿ. ರಸ್ತೆಯಿಂದ ಮನೆ ತನಕ ನಿಮ್ಮ ಕಾರು ಹತ್ತುತ್ತದಾ, ಇಲ್ಲ ಅವರ ಜೀಪೇ ಬೇಕಾ? ಜೀಪು ಬೇಕು ಅಂದರೆ ಅದರ ದುಡ್ಡು ಬಾಡಿಗೆಯಲ್ಲೇ ಸೇರಿದೆಯಾ? ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ನಮಗೆ ಫೋನಿನಲ್ಲಿ ‘ಎಲ್ಲಾ ಸೇರಿ ತಲೆಗೆ 2,200’ ಅಂದಿದ್ದರು. ಹೋಗಿ ಇಳಿದ ಮೇಲೆ ‘ಇಲ್ಲಿಂದ ಮೇಲಕ್ಕೆ ಜೀಪು, ಒಂದು ಸಲಕ್ಕೆ 600’ ಅಂದರು. ಹತ್ತಲು 600, ಇಳಿಯಲು 600. ಅರಮನೆ ನೋಡಲು ಕೆಳಗೆ ಬಂದರೆ ಮತ್ತೆ ಅದೇ ಲೆಕ್ಕ. ರಾತ್ರಿ ಅಂಗಳದಲ್ಲಿ ಬೆಂಕಿ ಹಾಕಿದ್ದಕ್ಕೂ ಬೇರೆ ಬಿಲ್ಲು. ಜಾಹೀರಾತಿನಲ್ಲಿ ‘ಅರಮನೆ ಪಕ್ಕದಲ್ಲೇ’ ಅಂತ ಬರೆದಿದ್ದರು. ಅಲ್ಲಿಂದ ಅರಮನೆಯ ಹೆಂಚು ಕೂಡ ಕಾಣುವುದಿಲ್ಲ. ನಮ್ಮ ಗುಂಪಿನ ಗೆಳತಿಯೊಬ್ಬಳು ಜೋರಾಗಿಯೇ ಜಗಳ ಮಾಡಿದಳು. ಏನೂ ಕಡಿಮೆ ಮಾಡಲಿಲ್ಲ.

ಎಲ್ಲರೂ ಹೀಗಿರುವುದಿಲ್ಲ, ನಿಜ. ಆದರೂ ನನ್ನನ್ನು ಕೇಳಿದರೆ ನಾಪೋಕ್ಲು ಅಥವಾ ವಿರಾಜಪೇಟೆಯಲ್ಲಿ ಸಾದಾ ಲಾಡ್ಜು ಹಿಡಿಯಿರಿ. ಬೆಳಿಗ್ಗೆ ಅಲ್ಲಿಂದ ಹೊರಟರೆ ಸಾಕು.

ಅರಮನೆಗೆ ಮಾತ್ರ ಹೋಗಲೇಬೇಕು. ಅದೂ ಅರಮನೆಗಾಗಿಯೇ ಹೋಗಬೇಕು. ಈಗ ಬಹಳ ಜನಕ್ಕೆ ಅದು ತಡಿಯಂಡಮೋಳು ಹತ್ತುವ ದಾರಿಯಲ್ಲಿ ಗಾಡಿ ನಿಲ್ಲಿಸುವ ಜಾಗ, ಅಷ್ಟೇ. ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್. ಬೆಳಗಾಗುವ ಮುಂಚೆ ಬಂದು ಬೆಟ್ಟ ಹತ್ತುತ್ತಾರೆ. ಇಳಿದು ಬರುವಾಗ ಸುಸ್ತಾಗಿರುತ್ತದೆ, ಬಾಗಿಲಲ್ಲಿ ಒಂದು ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ. ನಾವಿದ್ದಾಗಲೂ ಅಂಥ ಒಂದು ದೊಡ್ಡ ಗುಂಪು ಬಂತು. ಒಳಗೆ ಐದು ನಿಮಿಷವೂ ನಿಲ್ಲಲಿಲ್ಲ. ನೋಡಿ ಬೇಜಾರಾಯಿತು.

ಮೈಸೂರು ಅರಮನೆ ನೋಡಿ ಬೆಳೆದವರಿಗೆ ಇದು ಮೊದಲು ಅರಮನೆ ಅನ್ನಿಸುವುದೇ ಇಲ್ಲ. ಎರಡು ಅಂತಸ್ತು, ಹೆಂಚಿನ ಮಾಡು, ಮರದ ಕಂಬ. ದೊಡ್ಡ ಜಮೀನುದಾರರ ಮನೆಯಷ್ಟೇ. ಯಾಕೆ ಹೀಗೆ ಅನ್ನುವುದು ಗೊತ್ತಾದ ಮೇಲೆ ನೋಟವೇ ಬದಲಾಗುತ್ತದೆ. ಇದನ್ನು ಕಟ್ಟಿಸಿದ್ದು ದೊಡ್ಡ ವೀರರಾಜೇಂದ್ರ, 1792ರಿಂದ 1794ರ ನಡುವೆ. ಪಿರಿಯಾಪಟ್ಟಣದ ಕೋಟೆಯಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದ ಕೊಡಗಿನ ರಾಜ. ಮತ್ತೆ ಸಿಕ್ಕಿಬೀಳದ ಜಾಗ ಬೇಕಿತ್ತು. ಮೂರು ಕಡೆ ಬೆಟ್ಟ, ಸುತ್ತ ದಟ್ಟ ಕಾಡು. ಇಂಥ ಕಡೆ ಇವತ್ತು ಗೂಗಲ್ ಮ್ಯಾಪ್ ಇಟ್ಟುಕೊಂಡು ಹೋಗುವಾಗಲೇ ತಿರುವು ಹುಡುಕಬೇಕು, ಆಗ ಶತ್ರು ಸೈನ್ಯ ಹೇಗೆ ಬರಬೇಕಿತ್ತು ಯೋಚಿಸಿ. ವಿರಾಜಪೇಟೆಗೆ ಹೆಸರು ಬಂದಿದ್ದೂ ಇದೇ ರಾಜನಿಂದ.

ಒಳಗೆ ನೋಡಿಕೊಳ್ಳುವವರು ಒಬ್ಬರಿರುತ್ತಾರೆ. ಅವರನ್ನು ಬಿಟ್ಟು ಸುಮ್ನೆ ಸುತ್ತಬೇಡಿ. ‘ಅಣ್ಣಾ, ಸ್ವಲ್ಪ ತೋರಿಸ್ತೀರಾ?’ ಅಂತ ಕೇಳಿದರೆ ಸಾಕು, ಪ್ರೀತಿಯಿಂದ ತೋರಿಸುತ್ತಾರೆ. ಕೊನೆಗೆ ಕೈಲಾದಷ್ಟು ಕೊಡಿ. ನಮಗೆ ಅವರಿಲ್ಲದಿದ್ದರೆ ಕತ್ತಲೆ ಕೋಣೆಗಳು ಬರೀ ಕತ್ತಲೆ ಕೋಣೆಗಳಾಗಿಯೇ ಉಳಿಯುತ್ತಿದ್ದವು. ಬಾಗಿಲು ತಗ್ಗು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಕಂಬ, ಕಿಟಕಿ, ಚಾವಣಿಯ ಮರದಲ್ಲಿ ಕೆತ್ತನೆ ಇದೆ. ಗೋಡೆಯ ಮೇಲೆ ಹಳೆಯ ಚಿತ್ರಗಳಿವೆ, ಮಾಸಿಹೋಗಿವೆ. ಆ ಗೋಡೆಗಳ ಮೇಲೇ ಪ್ರೇಮಿಗಳು ಹೆಸರು ಗೀಚಿದ್ದಾರೆ. ಇನ್ನೂರು ವರ್ಷ ಮಳೆ, ಗೆದ್ದಲು, ಯುದ್ಧ ಎಲ್ಲ ತಡೆದುಕೊಂಡ ಗೋಡೆಗೆ ಒಂದು ಬೀಗದ ಕೈಯಿಂದ ಗೀರು ಹಾಕಲು ಮನಸ್ಸಾದರೂ ಹೇಗೆ ಬರುತ್ತದೆ? ನಿಮ್ಮ ಜೊತೆ ಮಕ್ಕಳಿದ್ದರೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಎದುರಿನ ಅಂಗಳದಲ್ಲಿ ಚಿಕ್ಕ ಮಂಟಪ ಇದೆ. 1796ರಲ್ಲಿ ರಾಜನಿಗೂ ಮಹದೇವಮ್ಮಾಜಿಗೂ ಮದುವೆಯಾದ ಮಂಟಪ. ನಾವು ಜಾಸ್ತಿ ಹೊತ್ತು ಕೂತಿದ್ದು ಅಲ್ಲೇ ಹತ್ತಿರ, ಹುಲ್ಲಿನ ಮೇಲೆ. ಇದೇ ಅರಮನೆಗೆ 1834ರಲ್ಲಿ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಬ್ರಿಟಿಷ್ ಸೈನ್ಯ ಬರುವಾಗ ಬಂದು ಸೇರಿಕೊಂಡಿದ್ದ. ಇಲ್ಲಿಂದ ಮಡಿಕೇರಿಗೆ ಹೋಗಿ ಶರಣಾದ. ಕೊಡಗು ಬ್ರಿಟಿಷರ ಕೈಗೆ ಹೋಯಿತು, ಅವನನ್ನು ಕಾಶಿಗೆ ಕಳಿಸಿದರು. ಮದುವೆ ಮಂಟಪದ ಎದುರು ಕೂತು ಈ ಕತೆ ಕೇಳಿದಾಗ ನಮ್ಮಲ್ಲಿ ಯಾರಿಗೂ ಮಾತೇ ಬರಲಿಲ್ಲ.

ಹೋಗುವುದು ಹೇಗೆ ಅಂದರೆ, ಮಡಿಕೇರಿಯಿಂದ ನಾಪೋಕ್ಲು ಮೇಲೆ ಕಕ್ಕಬ್ಬೆಗೆ ಬಸ್ ಇವೆ, ವಿರಾಜಪೇಟೆಯಿಂದಲೂ ಇವೆ. ಕೈಕಂಬದಲ್ಲಿ ಇಳಿದು ಎರಡು ಮೂರು ಕಿಲೋಮೀಟರ್ ಏರು ನಡೆಯಬೇಕು. ಆಟೋ, ಜೀಪು ಸಿಗುತ್ತವೆ, ಹತ್ತುವ ಮುಂಚೆ ರೇಟು ಮಾತಾಡಿ. ಖಾಸಗಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಇಲ್ಲ, ಚಿಲ್ಲರೆ ಇಟ್ಟುಕೊಂಡಿರಿ. ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ.

ಇನ್ನು ಊಟ. ಹೋಂಸ್ಟೇಯ ಬಫೆ ಮರೆತೇ ಹೋಗಿದೆ. ನೆನಪಿರುವುದು ನಾಪೋಕ್ಲಿನಲ್ಲಿ ಬಸ್ ನಿಲ್ಲುವ ಕಡೆಯ ಒಂದು ಪುಟ್ಟ ಹೋಟೆಲು. ನಾಲ್ಕು ಬೆಂಚು, ಬೋರ್ಡಿನ ಬಣ್ಣ ಹೋಗಿದೆ. ಒಬ್ಬ ಅಕ್ಕ ಒಲೆ ಮುಂದೆ, ಅವರ ಗಂಡ ಗಲ್ಲಾ ಪೆಟ್ಟಿಗೆಯಲ್ಲಿ. ಅಕ್ಕಿ ಒಟ್ಟಿ, ಅಂದರೆ ಕೊಡಗಿನ ಅಕ್ಕಿ ರೊಟ್ಟಿ, ಹೆಂಚಿನಿಂದ ನೇರ ತಟ್ಟೆಗೆ ಬರುತ್ತಿತ್ತು, ಅಂಗೈ ಸುಡುವಷ್ಟು ಬಿಸಿ. ಜೊತೆಗೆ ಎಳ್ಳಿನ ಪಜ್ಜಿ, ಅಂದರೆ ಚಟ್ನಿ. ಮಾಂಸ ತಿನ್ನುವವರಿಗೆ ಅಕ್ಕಿ ಉಂಡೆಯ ಕಡಂಬುಟ್ಟು, ಹಂದಿ ಮಾಂಸದ ಪಂದಿಕರಿ. ಕಾಚಂಪುಳಿ ಅನ್ನುವ ಹುಳಿ ರಸ ಹಾಕಿ ಕಪ್ಪಗೆ ಆಗಿರುವ ಗಟ್ಟಿ ಮಸಾಲೆ, ಮೆಣಸಿನ ಖಾರ ಗಂಟಲಲ್ಲಿ ನಿಧಾನಕ್ಕೆ ಏರುತ್ತದೆ. ನನಗೆ ಪಂದಿ ಆಗುವುದಿಲ್ಲ ಅಂದಾಗ ಆ ಅಕ್ಕ ‘ಇರಿ, ಬೈಂಬಳೆ ಇದೆ’ ಅಂತ ಎಳೆ ಬಿದಿರಿನ ಸಾರು ತಂದು ಹಾಕಿದರು. ಬೇಡ ಬೇಡ ಅಂದರೂ ಇನ್ನೊಂದು ಒಟ್ಟಿ. ಎಲ್ಲರೂ ಹೊಟ್ಟೆ ತುಂಬ ತಿಂದು, ಬೆಲ್ಲದ ಕಾಫಿ ಕುಡಿದು, ಜೀಪು ಒಂದು ಸಲ ಹತ್ತಿಸಿದ ದುಡ್ಡಿಗಿಂತ ಕಡಿಮೆ ಆಯಿತು. ಮಧ್ಯಾಹ್ನ ಒಂದು ಗಂಟೆಯ ಒಳಗೆ ಹೋಗಿ, ಆಮೇಲೆ ಖಾಲಿ.

ಮಳೆಗಾಲದಲ್ಲಿ ಅರಮನೆಯ ಸುತ್ತ ಜಿಗಣೆ ವಿಪರೀತ. ಉಪ್ಪು ಒಂದು ಪೊಟ್ಟಣ ಇರಲಿ. ಬೆಟ್ಟ ಹತ್ತುವ ಆಸೆ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿ. ಹತ್ತಿರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನಕ್ಕೆ ಹೋಗಿ ಬನ್ನಿ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಮುಹೂರ್ತ ಗೊತ್ತು ಮಾಡುವುದು ಅಲ್ಲೇ. ಚೇಲಾವರ ಜಲಪಾತವನ್ನು ದೂರದಿಂದ ನೋಡಿ, ನೀರಿಗೆ ಇಳಿಯಬೇಡಿ, ಜೀವ ಹೋಗಿರುವ ಜಾಗ ಅದು. ಮಡಿಕೇರಿಯ ರಾಜಾಸೀಟಿಗೆ ಶನಿವಾರ, ಭಾನುವಾರ ನಾನಂತೂ ಹೋಗಿ ಅನ್ನುವುದಿಲ್ಲ, ಕಾಲಿಡಲು ಜಾಗ ಇರುವುದಿಲ್ಲ. ಆ ಹೊತ್ತನ್ನೂ ನಾಲ್ಕುನಾಡಿಗೇ ಕೊಡಿ. ಬೆಳಿಗ್ಗೆ ಹತ್ತರ ಸುಮಾರಿಗೆ ಹೋದರೆ ಬೆಟ್ಟದ ಗುಂಪು ಇನ್ನೂ ಮೇಲೆಯೇ ಇರುತ್ತದೆ, ಕೋಣೆಗಳಿಗೂ ಸ್ವಲ್ಪ ಬೆಳಕು ಬಂದಿರುತ್ತದೆ.