ಎರಡು ನಿಮಿಷದ ಕಾಯಿಲೆ

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸ್ಟೇರಿಂಗ್ ಹಿಡಿದ ಕೈ ನಡುಗುತ್ತಿತ್ತು. ಇಂಜಿನ್ ಗಡಗಡ ಅನ್ನುವುದು, ಇನ್ನೇನು ಆಫ್ ಆಯಿತು ಅನ್ನುವಾಗ ಮತ್ತೆ ಚೇತರಿಸಿಕೊಳ್ಳುವುದು. ಆಕ್ಸಿಲರೇಟರ್ ಒತ್ತಿದರೆ ಕೆಮ್ಮು. ಎಲ್ಲ ಸೇರಿ ಎರಡು, ಹೆಚ್ಚೆಂದರೆ ಮೂರು ನಿಮಿಷ. ಆಮೇಲೆ ಸಾಧು ಪ್ರಾಣಿ.

ಕಷ್ಟ ಇದ್ದದ್ದೇ ಅಲ್ಲಿ. ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿರುತ್ತಿತ್ತು. "ಬೆಣ್ಣೆ ತರ ಓಡ್ತಿದೆಯಲ್ಲ ಸಾರ್" ಅಂದರು. ಬರಿಗೈಲಿ ವಾಪಸ್ ಬರಲು ಮನಸ್ಸಾಗದೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸಿಕೊಂಡು ಬಂದೆ. ಹಳೆಯವು ಚೆನ್ನಾಗಿಯೇ ಇದ್ದವು. ಮಾರನೇ ಬೆಳಿಗ್ಗೆ ಅದೇ ಕೆಮ್ಮು.

ಒಂದು ದಿನ ಇಂಜಿನ್ ಲೈಟ್ ಮಿನುಗಿತು. ಫೋನಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್ ಚುಚ್ಚಿ ನೋಡಿದರೆ ಪಿ0300. ಅಂದರೆ ಮಿಸ್ ಹೊಡೆಯುತ್ತಿದೆ, ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಆದರೆ ಇಂಥದ್ದೇ ಸಿಲಿಂಡರ್ ಅಂತಿಲ್ಲ. ಪ್ಲಗ್ಗಿಗೆ ಕರೆಂಟ್ ಕೊಡುವ ಒಂದು ಕಾಯಿಲ್ಲೋ ಒಂದು ಪ್ಲಗ್ಗೋ ಕೆಟ್ಟಿದ್ದರೆ ಸಾಮಾನ್ಯವಾಗಿ ಪಿ0302, ಪಿ0303 ಹೀಗೆ ಸಿಲಿಂಡರ್ ನಂಬರ್ ಸಮೇತ ಬರುತ್ತದೆ. ನಾಲ್ಕೂ ಒದ್ದಾಡುತ್ತಿವೆ ಅಂದರೆ ನಾಲ್ಕಕ್ಕೂ ಸೇರಿದ್ದೇನೋ ಕೈಕೊಟ್ಟಿದೆ. ಪ್ಲಗ್ ಕೊಳ್ಳುವ ಮೊದಲು ಇದನ್ನು ನೋಡಬೇಕಿತ್ತು, ಬಿಡಿ.

ಪೈಪೆಲ್ಲೋ ಸೋರಿ ಇಂಜಿನ್ ಹೆಚ್ಚುವರಿ ಗಾಳಿ ಎಳೆಯುತ್ತಿದೆಯೇನೋ ಅಂದುಕೊಂಡೆ. ಆದರೆ ಹಾಗಿದ್ದರೆ ಇಂಜಿನ್ ಬಿಸಿಯಾಗಿ ನಿಂತಲ್ಲೇ ಓಡುವಾಗಲೂ ಅದರ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಸುರಿದು ಸರಿದೂಗಿಸುತ್ತಿರಬೇಕು. ಹಾಗೆ ಸರಿದೂಗಿಸುವ ಪ್ರಮಾಣ, ಅಂದರೆ ಫ್ಯೂಯಲ್ ಟ್ರಿಮ್, 3–4 ಶೇಕಡಾ ದಾಟಿರಲಿಲ್ಲ. ಜೊತೆಗೆ ಇಂಜಿನ್ ತಂಪಾಗಿಡುವ ನೀರು, ಕೂಲಂಟ್, ಒಂದು ಬೆರಳಷ್ಟು ಇಳಿದಿತ್ತು. ಸಿಲಿಂಡರುಗಳ ಮೇಲೆ ಕೂರುವ ಸೀಲ್, ಹೆಡ್ ಗ್ಯಾಸ್ಕೆಟ್, ಸೋರಿ ರಾತ್ರಿಯೆಲ್ಲ ಸಿಲಿಂಡರಿಗೆ ನೀರು ಇಳಿದರೂ ಬೆಳಿಗ್ಗೆ ಹೀಗೇ ಆಗುತ್ತದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಬಿಳಿ ಹೊಗೆ ಬರುತ್ತದೋ ಅಂತ ಸೈಲೆನ್ಸರ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಾದೆ. ಬರಲಿಲ್ಲ.

ಮರುದಿನ ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನರ್ ಹಾಕಿದೆ. ಕೀ ಆನ್, ಇಂಜಿನ್ ಆಫ್. ಒಳಬರುವ ಗಾಳಿ 18 ಡಿಗ್ರಿ. ಕೂಲಂಟ್ 59.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಂಜಿನ್ ಮೇಲೆ ಕೈಯಿಟ್ಟೆ, ತಣ್ಣಗೆ ಕೊರೆಯುತ್ತಿತ್ತು. ತಣ್ಣಗಿನ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಕಂಪ್ಯೂಟರ್ ಕೂಲಂಟ್ ಎಷ್ಟು ತಣ್ಣಗಿದೆ ನೋಡಿ ಜಾಸ್ತಿ ಪೆಟ್ರೋಲ್ ಕೊಡುತ್ತದೆ. ನಮ್ಮದಕ್ಕೆ 59 ಅಂತ ಸುಳ್ಳು ಸುದ್ದಿ ಹೋಗುತ್ತಿತ್ತು, ಅದು ಕೈ ಬಿಗಿ ಹಿಡಿಯುತ್ತಿತ್ತು. ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರ್ ಬಿಸಿಯಾಗಿ ಕೆಲಸ ಶುರುಮಾಡಿದ ಮೇಲೆ ಲೆಕ್ಕ ತಾನಾಗಿಯೇ ಸರಿಹೋಗುತ್ತಿತ್ತು. 59 ಅನ್ನುವುದು ಅಸಾಧ್ಯದ ಸಂಖ್ಯೆಯೂ ಅಲ್ಲವಲ್ಲ, ಹಾಗಾಗಿ ಕೂಲಂಟಿನ ಬಿಸಿ ಅಳೆಯುವ ಸೆನ್ಸರ್ ಬಗ್ಗೆ ಕಂಪ್ಯೂಟರಿನ ದೂರೂ ಇಲ್ಲ.

ಕೂಲಂಟ್ ಸೆನ್ಸರ್ ಹೋಗಿದೆ ಅಂತ ಖುಷಿಯಾಗಿ ಕನೆಕ್ಟರ್ ಎಳೆದೆ. ಕನೆಕ್ಟರ್ ಬಿಚ್ಚಿದರೆ ಹೆಚ್ಚಿನ ಗಾಡಿಗಳಲ್ಲಿ ರೀಡಿಂಗ್ ನೇರ ಮೈನಸ್ 40ಕ್ಕೆ ಬೀಳುತ್ತದೆ. ಇದು 51ಕ್ಕೆ ಬಂದು ನಿಂತಿತು. ಸೆನ್ಸರೇ ಇಲ್ಲ, ಆದರೂ 51! ಮಲ್ಟಿಮೀಟರ್ ಹಿಡಿದು ಸೆನ್ಸರ್ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅಂತ ಅಳೆದರೆ 2700 ಓಮ್ ಹತ್ತಿರ. ಈ ಬಗೆಯ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2500 ಓಮ್ ಇರುತ್ತದೆ, ಬಿಸಿಯಾದಷ್ಟೂ ಇಳಿಯುತ್ತದೆ. ಅಂದರೆ ಪಾಪ, ಅದು ಸರಿಯಾಗಿಯೇ ಇತ್ತು.

ಟಾರ್ಚ್ ಬಿಟ್ಟು ಕನೆಕ್ಟರ್ ಒಳಗೆ ನೋಡಿದೆ. ಎರಡು ಪಿನ್ನುಗಳ ನಡುವೆ ಹಸಿರು ಕಿಲುಬು, ಪಾಚಿ ಕಟ್ಟಿದ ಹಾಗೆ, ಒದ್ದೆ ಒದ್ದೆ. ಕರೆಂಟು ಬರೀ ಸೆನ್ಸರ್ ಮೂಲಕ ಹೋಗುವ ಬದಲು ಈ ಅಡ್ಡದಾರಿಯಲ್ಲೂ ಹರಿಯುತ್ತಿತ್ತು. ಓಮ್ ಕಡಿಮೆಯಾದರೆ ಕಂಪ್ಯೂಟರಿಗೆ ಬಿಸಿ ಅಂತಲೇ ಅರ್ಥ. ಸರಿಯಾಗಿ ಅದರ ಮೇಲೇ ಒಂದು ಹೋಸ್ ಪೈಪಿನ ಕ್ಲಾಂಪ್ ಸಡಿಲವಾಗಿತ್ತು. ಒಂದು ಬೆರಳು ಕೂಲಂಟ್ ಎಲ್ಲಿಗೆ ಹೋಗಿತ್ತು ಅಂತಲೂ ಗೊತ್ತಾಯಿತು. ಇತ್ತೀಚೆಗೆ ರೇಡಿಯೇಟರ್ ಫ್ಯಾನ್ ಯಾಕೋ ಜಾಸ್ತಿ ತಿರುಗುತ್ತಿದೆ ಅನಿಸಿತ್ತು, ಅದೂ ಇದರದ್ದೇ ಕೈವಾಡ.

ಬ್ಯಾಟರಿ ಬಿಚ್ಚಿ, ಸಣ್ಣ ಬ್ರಷ್ಷಿನಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿದೆ. ಕ್ಲಾಂಪಿಗೆ ಎರಡು ಸುತ್ತು ಬಿಗಿ. ಬ್ಯಾಟರಿ ಹಾಕಿ ನೋಡಿದರೆ ಮೈನಸ್ 40. ಕನೆಕ್ಟರ್ ಸಿಕ್ಕಿಸಿದೆ, 19.

ಮಾರನೇ ಬೆಳಿಗ್ಗೆ ಗಾಳಿ 17, ಕೂಲಂಟ್ 17. ಕೀ ತಿರುಗಿಸಿದೆ. 1300 ಆರ್‌ಪಿಎಮ್‌ಗೆ ಏರಿ, ನಿಧಾನವಾಗಿ ಇಳಿಯುತ್ತಾ ಬಂತು. ಒಂದೂ ಕೆಮ್ಮಿಲ್ಲ. ಸುಮ್ನೆ ಮೂರು ನಿಮಿಷ ಕೂತು ಕೇಳಿದೆ. ಹಳೆಯ ನಾಲ್ಕು ಪ್ಲಗ್ ಇನ್ನೂ ಡಿಕ್ಕಿಯಲ್ಲೇ ಉರುಳಾಡುತ್ತಿವೆ.