ನಮ್ಮ ನಂಬರ್ ಸಾಲಿ

ಅಪ್ಪ ಮನೆಪಟ್ಟಿಯನ್ನು, ಅಂದರೆ ಮನೆ ತೆರಿಗೆಯನ್ನು, ಎಂದೂ ಬಾಕಿ ಇಟ್ಟವರಲ್ಲ. ‘ಅದರಾಗ ಸಾಲಿ ರೊಕ್ಕನೂ ಐತಿ’ ಅನ್ನುತ್ತಿದ್ದರು. ಧಾರವಾಡದ ನಂಬರ್ ಸಾಲಿಗಳು, ಅಂದರೆ ಒಂದನೇ ನಂಬರ್, ಎರಡನೇ ನಂಬರ್ ಅಂತ ಕರೆಯುವ ಕನ್ನಡ ಪ್ರಾಥಮಿಕ ಶಾಲೆಗಳು, ಸರ್ಕಾರದ ಅನುದಾನದ ಜೊತೆಗೆ ಊರ ಮಂದಿಯ ಪಟ್ಟಿ ದುಡ್ಡಿನಿಂದ ನಡೆದವು. ಅದನ್ನು ಈಗಿನ ಮಕ್ಕಳಿಗೂ ಹೇಳಬೇಕು.

ಇಲ್ಲಿ ಕನ್ನಡ ಶಾಲೆ ಸುಮ್ನೆ ಬಂದದ್ದಲ್ಲ. ಮುಂಬೈ ಸರ್ಕಾರದ ಕಾಲದಲ್ಲಿ ಮೊದಲು ಮರಾಠಿಯದೇ ಜೋರು. 1831ರಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಸ್ವಂತ ಖರ್ಚಿನಲ್ಲಿ ಕನ್ನಡ ಶಾಲೆ ತೆರೆದರು. ಆಮೇಲೆ ಬಂದವರು ಡೆಪ್ಯುಟಿ ಚನ್ನಬಸಪ್ಪನವರು, ಧಾರವಾಡದಲ್ಲೇ ಹುಟ್ಟಿದವರು. ನಾರ್ಮಲ್ ಸ್ಕೂಲಿನ ಹೆಡ್ ಮಾಸ್ತರರಾಗಿ ಕನ್ನಡ ಕಲಿಸುವವರನ್ನು ತಯಾರು ಮಾಡಿದರು. ಶಾಲೆ ತೆರೆದರೆ ಆಯಿತೇ, ಕಲಿಸೋರು ಬೇಕಲ್ವಾ? ಈ ಭಾಗದ ಕನ್ನಡ ಶಾಲೆಗಳಿಗೆ ಅವರಷ್ಟು ದುಡಿದವರು ಇನ್ನೊಬ್ಬರಿಲ್ಲ ಅಂತ ನಾನು ನಂಬಿದ್ದೇನೆ.

1860ರ ದಶಕದಲ್ಲಿ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಸೆಸ್ ಬಿತ್ತು. ಅದರಲ್ಲಿ ಮೂರರಲ್ಲೊಂದು ಪಾಲು ಶಾಲೆಗಳಿಗೆ. 1884ರ ಕಾಯ್ದೆಗಳು ಹಳ್ಳಿ ಶಾಲೆಗಳನ್ನು ಲೋಕಲ್ ಬೋರ್ಡಿಗೂ ಪಟ್ಟಣದ ಶಾಲೆಗಳನ್ನು ಮುನಸಿಪಾಲ್ಟಿಗೂ ಒಪ್ಪಿಸಿದವು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಮಸೂದೆ ಕಾಯ್ದೆಯಾಯಿತು. ಮುನಸಿಪಾಲ್ಟಿ ಮನಸ್ಸು ಮಾಡಿದರೆ ಶಿಕ್ಷಣ ಕಡ್ಡಾಯ ಮಾಡಬಹುದಿತ್ತು. 1923ರ ಕಾಯ್ದೆ ಬಂದ ಮೇಲೆ ಶಾಲೆ ನಡೆಸುವ ಸ್ಕೂಲ್ ಬೋರ್ಡುಗಳ ಕಾಲ.

ನಾನು ಸೇರಿದ್ದು ಐವತ್ತರ ದಶಕದ ಕೊನೆಗೆ. ಹೆಡ್ ಮಾಸ್ತರರು ಕೆಂಪು ಬಟ್ಟೆಯ ಬೆನ್ನಿನ ದಪ್ಪ ಜನರಲ್ ರಜಿಸ್ಟರ್ ತೆಗೆದು ಹುಟ್ಟಿದ ತಾರೀಖು ಕೇಳಿದರು. ‘ಸೀಗಿ ಹುಣ್ಣಿವಿ ಮುಂದ ಹುಟ್ಟ್ಯಾನ್ರಿ’ ಅಂದರು ಅಪ್ಪ. ಮಾಸ್ತರರು ಟಾಕನ್ನು ಶಾಯಿಯಲ್ಲಿ ಅದ್ದಿ, ಜೂನ್ 1 ಅಂತ ಬರೆದರು. ನನ್ನ ಓರಗೆಯ ಬಹಳ ಮಂದಿಯ ಹುಟ್ಟಿದ ದಿನವೂ ಅದೇ.

ಏಳನೇ ಇಯತ್ತೆ (ತರಗತಿ) ಮುಗಿಸಿ ದಾಖಲೆ ತರಲು ಹೋದಾಗ ಮಾಸ್ತರರು ಹಳೆಯ ರಜಿಸ್ಟರೊಂದನ್ನೂ ತೋರಿಸಿದರು. ಅದರಲ್ಲಿ ಅಪ್ಪನ ಹೆಸರಿತ್ತು. ‘ಶಾಲೆ ಬಿಟ್ಟ ಕಾರಣ’ ಅನ್ನುವ ಕಾಲಮ್ಮಿನಲ್ಲಿ ‘ಬಡತನ’. ಮುಲ್ಕಿ, ಅಂದರೆ ಏಳನೇ ಇಯತ್ತೆಯ ಕೊನೆಯ ಪರೀಕ್ಷೆ, ಪಾಸಾದರೆ ಮಾಸ್ತರಿಕೆಯೋ ತಲಾಠಿ (ಊರ ಲೆಕ್ಕಿಗ) ಕೆಲಸವೋ ಸಿಗುತ್ತಿದ್ದ ಕಾಲ ಅದು. ಅಪ್ಪ ಆ ಪರೀಕ್ಷೆಗೆ ಕೂರಲಿಲ್ಲ. ಅದನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ.

ಆ ರಜಿಸ್ಟರುಗಳು ಇನ್ನೂ ಶಾಲೆಯ ಕಪಾಟಿನಲ್ಲಿವೆ. ಅಂಚುಗಳು ಉದುರುತ್ತಿವೆ. ಗೆದ್ದಲು ಹತ್ತುವ ಮೊದಲೇ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಪುಟಪುಟವನ್ನೂ ಸ್ಕ್ಯಾನ್ ಮಾಡಿಸೋಣ. ನನ್ನ ಪಾಲಿನ ಹಣ ಈ ತಿಂಗಳೇ ಕೊಡುತ್ತೇನೆ.