ತೆಗೆದ ನಾಲ್ಕು ಡಿಗ್ರಿ

"ನಾಲ್ಕು ಡಿಗ್ರಿ ತೆಗೆದೆ. ಏನು ಕಳ್ಕೊಂಡ್ರಿ, ಹೇಳಿ?"

ಶನಿವಾರ ಮಧ್ಯಾಹ್ನ ಕೇಳಿದ ಪ್ರಶ್ನೆ ಇದು. ಇವತ್ತು ಬುಧವಾರ. ಹಲ್ಲುಜ್ಜುವಾಗ, ಲಿಫ್ಟಿಗೆ ಕಾಯುವಾಗ, ಮೀಟಿಂಗಿನಲ್ಲಿ ಯಾರೋ ಏನೋ ಹೇಳುತ್ತಿರುವಾಗ ಅದೇ ದನಿ ಮತ್ತೆ ಕಿವಿಗೆ ಬೀಳುತ್ತದೆ. ಪೂರ್ತಿ ಉತ್ತರ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ಕೇಳಿದವರು ಟ್ಯೂನರ್, ಇಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ತಿದ್ದುವವರು. ಐವತ್ತು ದಾಟಿದವರು, ಮಾತು ಕಡಿಮೆ. ನನ್ನ ಕಾರು ಡೈನೊ, ಅಂದರೆ ಇಂಜಿನ್ನಿನ ಶಕ್ತಿ ಅಳೆಯುವ ಯಂತ್ರದ ರೋಲರ್ ಮೇಲೆ ನಾಲ್ಕೂ ಕಡೆ ಬೆಲ್ಟ್ ಬಿಗಿಸಿಕೊಂಡು ನಿಂತಿತ್ತು. ಅವರು ಡ್ರೈವರ್ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಪರದೆ ಮೇಲೆ ಇಂಜಿನ್ನಿನ ಬಲ ತೋರಿಸುವ ಎರಡು ಗೆರೆ, ಒಂದು ಕೆಂಪು, ಒಂದು ನೀಲಿ. ಕೆಂಪು ನನ್ನ ಹಳೇ ಮ್ಯಾಪಿನದು. ಮ್ಯಾಪ್ ಅಂದರೆ ಕಿಡಿ ಯಾವಾಗ, ಇಂಧನ ಎಷ್ಟು ಅಂತ ಇಂಜಿನ್ನಿಗೆ ಹೇಳುವ ಪಟ್ಟಿ. ನೀಲಿ ಅವರು ಆಗಷ್ಟೇ ತಿದ್ದಿದ್ದು. ಎಲ್ಲಿ ಕೆಂಪು, ಎಲ್ಲಿ ನೀಲಿ ಅಂತ ಕಣ್ಣು ಕಿರಿದು ಮಾಡಿ ಹುಡುಕಬೇಕಿತ್ತು. ಅಷ್ಟು ಒಂದರ ಮೇಲೊಂದು ಮಲಗಿದ್ದವು.

ಎಥನಾಲ್‌ಗೆ ಬಂದು ಎಂಟು ತಿಂಗಳಾಯಿತು. ನನ್ನದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಹಳೇ ಟರ್ಬೊ. ದೊಡ್ಡ ಪಂಪ್, ದೊಡ್ಡ ಇಂಜೆಕ್ಟರ್, ಎಥನಾಲ್ ತಡೆಯುವ ಪೈಪು, ಇಂಧನದಲ್ಲಿ ಎಥನಾಲ್ ಎಷ್ಟಿದೆ ಅಂತ ಅಳೆಯುವ ಫ್ಲೆಕ್ಸ್ ಸೆನ್ಸರ್ ಎಲ್ಲ ಆಗಲೇ ಹಾಕಿಸಿದ್ದೆ. ಮ್ಯಾಪ್ ಮಾತ್ರ ದೂರದಿಂದ ಬಂದದ್ದು. ಮುಖ ನೋಡಿರದ ಒಬ್ಬ ಹುಡುಗ. ನಾನು ಖಾಲಿ ಟ್ರ್ಯಾಕಿನಲ್ಲಿ ಓಡಿಸಿ ಲಾಗ್, ಅಂದರೆ ಆ ಓಟದ ದಾಖಲೆ, ಕಳಿಸಬೇಕು, ಅವನು ಫೈಲ್ ತಿದ್ದಿ ವಾಪಸ್ ಕಳಿಸಬೇಕು. ಪ್ರತಿ ಸಲ ಫೈಲಿನ ಜೊತೆ ಒಂದೇ ಸಾಲು ಬರುತ್ತಿತ್ತು: "ನಾಕ್ ಇಲ್ಲ. ಇನ್ನೂ ಕೊಡಬಹುದು."

ಆ ಸಾಲು ನನಗೆ ಎಷ್ಟು ಇಷ್ಟ ಅಂದರೆ, ಅದಕ್ಕೋಸ್ಕರವೇ ಲಾಗ್ ಕಳಿಸುತ್ತಿದ್ದೆ. ಹುಡುಗ ಒಳ್ಳೆಯವನೇ. ರಾತ್ರಿ ಹನ್ನೆರಡಕ್ಕೂ ಉತ್ತರ ಕೊಡುತ್ತಾನೆ, ದಡ್ಡ ಪ್ರಶ್ನೆಗೂ ನಗುವುದಿಲ್ಲ. ಆದರೆ ಅವನು ಒಂದು ಸಲವೂ ನನ್ನ ಇಂಜಿನ್ ಹತ್ತಿರ ನಿಂತವನಲ್ಲ.

ಇಗ್ನಿಷನ್ ಟೈಮಿಂಗ್ ಅಂದರೆ ಪಿಸ್ಟನ್ ತುದಿ ಮುಟ್ಟೋಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಅನ್ನುವ ಲೆಕ್ಕ. ಪೆಟ್ರೋಲ್ ಟರ್ಬೊ ಓಡಿಸಿದವರಿಗೆ ಇದರ ಕಷ್ಟ ಗೊತ್ತು. ಟರ್ಬೊ ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ಕಾಯುತ್ತದೆ. ಕಿಡಿ ಸ್ವಲ್ಪ ಬೇಗ ಕೊಟ್ಟಿರೋ, ಜ್ವಾಲೆ ಬರುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲ್ ತಾನಾಗೇ ಸಿಡಿಯುತ್ತದೆ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಸದ್ದು. ಅದೇ ನಾಕ್. ವರ್ಷಗಟ್ಟಲೆ ಆ ಸದ್ದಿಗೆ ಹೆದರಿಕೊಂಡು, ಬೈದುಕೊಂಡು ಬದುಕಿದವನು ನಾನು.

ಎಥನಾಲ್ ಬಂದಮೇಲೆ ಆ ಸದ್ದೇ ಮಾಯ. ಸ್ಯಾನಿಟೈಸರ್ ಕೈಗೆ ಹಾಕಿಕೊಂಡಾಗ ತಣ್ಣಗಾಗುತ್ತಲ್ಲ, ಅದೇ ಕೆಲಸ ಇಲ್ಲೂ. ಆವಿಯಾಗುವಾಗ ಕೆಜಿಗೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಎಳೆದುಕೊಳ್ಳುತ್ತದೆ. ಜೊತೆಗೆ ಅಷ್ಟೇ ಗಾಳಿಗೆ ತೂಕದಲ್ಲಿ ಹತ್ತಿರ ಹತ್ತಿರ ಒಂದೂವರೆ ಪಟ್ಟು ಇಂಧನ ಬೇಕು. ಹಾಗಾಗಿ ಸಿಲಿಂಡರಿಗೆ ಹೋಗುವ ಗಾಳಿ ಒಳ್ಳೇ ತಂಪು. ನಾಕ್ ತಡೆಯುವ ತಾಕತ್ತಿನ ಅಳತೆ, ಆಕ್ಟೇನ್, ಬೇರೆ ನೂರು ದಾಟಿದ್ದು. ಬೂಸ್ಟ್, ಅಂದರೆ ಟರ್ಬೊ ಒತ್ತಡ, ಏರಿಸಿ, ಕಿಡಿ ಬೇಗ ಕೊಡಿ, ಕಾರು ಸುಮ್ಮನಿರುತ್ತದೆ. ಸಾಬ್ ಕಂಪನಿ 2005ರಲ್ಲೇ 9-5 ಬಯೋಪವರ್ ಅಂತ ಮಾಡಿತ್ತು. ಪೆಟ್ರೋಲಿನಲ್ಲಿ 150 ಎಚ್‌ಪಿ, ಇ85, ಅಂದರೆ ಹೆಸರಿಗೆ ಶೇಕಡಾ 85 ಎಥನಾಲ್ ಇರುವ ಮಿಶ್ರಣ, ಹಾಕಿದರೆ ಅದೇ ಇಂಜಿನ್ 180. ಕೊನಿಗ್‌ಸೆಗ್‌ನ ಸಿಸಿಎಕ್ಸ್ 806 ಎಚ್‌ಪಿ ಇದ್ದದ್ದು ಎಥನಾಲ್ ಕುಡಿಯುವ ಸಿಸಿಎಕ್ಸ್‌ಆರ್ ಆದಾಗ 1018. ಇಂಥದ್ದನ್ನೆಲ್ಲ ಮಲಗುವ ಮುಂಚೆ ಓದಬಾರದು. ನಾನು ಓದಿದೆ.

ಲೀಟರಿಗೆ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಟ್ಯಾಂಕು ಬೇಗ ಖಾಲಿ, ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಗೊಣಗುತ್ತದೆ. ಇರಲಿ ಬಿಡಿ, ಅದು ಗೊತ್ತಿದ್ದೇ ಹಾಕಿಸಿದ್ದು.

ಶನಿವಾರ ಇವರ ಹತ್ತಿರ ಹೋಗಿದ್ದು ನಿಜ ಹೇಳಬೇಕೆಂದರೆ ನಂಬರಿಗೋಸ್ಕರ. ಕೈಯಲ್ಲಿ ಹಿಡಿದು ತೋರಿಸೋಕೆ ಒಂದು ಡೈನೊ ಶೀಟ್ ಬೇಕಿತ್ತು. ಜೊತೆಗೆ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಹೋಗಿದ್ದೆ. ಎಂಟು ತಿಂಗಳಿಂದ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಲಾಗ್ ಮಾಡಿದವನು ಅವನೇ. ಪಾಪ, ಒಂದು ಭಾನುವಾರವೂ ತಪ್ಪಿಸಿಲ್ಲ.

ಟ್ಯೂನರ್ ಬಾನೆಟ್ ಎತ್ತಲಿಲ್ಲ, ಲ್ಯಾಪ್‌ಟಾಪ್ ತೆಗೆಯಲಿಲ್ಲ. ಮೊದಲು ಅಳತೆ ಗೆರೆ ಇರುವ ಒಂದು ಗಾಜಿನ ಕೊಳವೆ ತಂದರು. ಕೆಳಗಿನ ಗೆರೆವರೆಗೆ ನೀರು ಹಾಕಿದರು. ಮೇಲೆ ನನ್ನ ಟ್ಯಾಂಕಿನಿಂದ ತೆಗೆದ ಇಂಧನ ತುಂಬಿಸಿ, ಬಿರಡೆ ಹಾಕಿ, ಚೆನ್ನಾಗಿ ಕುಲುಕಿ ಮೇಜಿನ ಮೇಲೆ ನಿಲ್ಲಿಸಿದರು. ಮೊದಲು ಎಲ್ಲ ಮಬ್ಬು. ಆಮೇಲೆ ನಿಧಾನವಾಗಿ ಎರಡು ಪದರ. ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯಿತು. ಪೆಟ್ರೋಲ್ ತೆಳುವಾಗಿ, ತುಸು ಹಳದಿಯಾಗಿ ಮೇಲೆ ನಿಂತಿತು. ಕೊಳವೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, "74" ಅಂದರು.

"ಇ85 ಹಾಕಿಸಿದ್ದು ಸರ್," ಅಂದೆ.

"ಅದು ಹೆಸರು."

ಅಮೆರಿಕದ ಮಾನದಂಡದಲ್ಲೇ ಇ85 ಅಂದರೆ ಎಥನಾಲ್ ಶೇಕಡಾ 51ರಿಂದ 83ರವರೆಗೆ ಎಷ್ಟಾದರೂ ಇರಬಹುದು. ಆಮೇಲೆ ನನ್ನ ಫ್ಲೆಕ್ಸ್ ಸೆನ್ಸರ್ ನೋಡಿದರು. ಅದು 125 ಹರ್ಟ್ಜ್ ಕೊಡುತ್ತಿತ್ತು. 50 ಇದ್ದರೆ ಬರೀ ಪೆಟ್ರೋಲ್, 150 ಇದ್ದರೆ ಬರೀ ಎಥನಾಲ್. ಅಂದರೆ 75. ಕೊಳವೆಗೂ ಸೆನ್ಸರಿಗೂ ಒಂದೇ ಒಂದು ವ್ಯತ್ಯಾಸ. ಅವರ ಮುಖದಲ್ಲಿ ಅವತ್ತಿನ ಮೊದಲ ಮತ್ತು ಕೊನೆಯ ಸಮಾಧಾನ ಕಂಡಿದ್ದು ಆಗಲೇ.

ನಮ್ಮ ಹುಡುಗ, ಚಿಕ್ಕಪ್ಪನ ಮಗ, ಸುಮ್ನೆ ಇರಲಾರದೆ ಡ್ಯಾಶ್‌ಬೋರ್ಡಿನ ಗೇಜ್ ತೋರಿಸಿದ. "ಸರ್, ಈ ಇಂಧನಕ್ಕೆ ಒಂದಕ್ಕೆ ಹತ್ತರಷ್ಟು ಗಾಳಿ ಸಾಕು ಅಂತಾರೆ. ಇದು ನೋಡಿದ್ರೆ 14.7 ತೋರಿಸ್ತಿದೆ. ಕೆಟ್ಟಿದೆಯಾ?"

"ಕೆಟ್ಟಿಲ್ಲ. ಅದಕ್ಕೆ ಗೊತ್ತಿರೋದು ಲ್ಯಾಂಬ್ಡಾ 1, ಅಂದ್ರೆ ಇಂಧನಕ್ಕೆ ಸರಿಯಾಗಿ ಬೇಕಾದಷ್ಟು ಗಾಳಿ ಇದೆ ಅನ್ನೋದು. ಅದನ್ನ ಪೆಟ್ರೋಲ್ ಭಾಷೇಲಿ ಹೇಳ್ತಿದೆ. ಅದಕ್ಕೆ ಬೇರೆ ಭಾಷೆ ಬರಲ್ಲ."

ಇದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ತಲೆ ಆಡಿಸಿದೆ.

ಆಮೇಲೆ ಕೆಲಸ ಶುರುವಾಯಿತು. ಮೊದಲು ಹಳೇ ಮ್ಯಾಪಿನಲ್ಲೇ ಒಂದು ಪುಲ್, ಅಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದು ಓಟ: ಚಕ್ರದಲ್ಲಿ 371 ಎಚ್‌ಪಿ. ನಾನು ಒಳಗೊಳಗೇ ಕುಣಿದೆ. ಅವರು ಏನೂ ಹೇಳಲಿಲ್ಲ. ಡೈನೊ ಬ್ರೇಕ್ ಹಾಕಿ 4000 ಆರ್‌ಪಿಎಂನಲ್ಲಿ ಕಾರನ್ನು ಹಿಡಿದು ನಿಲ್ಲಿಸಿದರು. ಬೂಸ್ಟ್ ಅಷ್ಟೇ, ಇಂಧನ ಅಷ್ಟೇ, ಬದಲಾಗುವುದು ಟೈಮಿಂಗ್ ಮಾತ್ರ. 11 ಡಿಗ್ರಿ ಕೊಟ್ಟರು, ಟಾರ್ಕ್, ಅಂದರೆ ತಿರುಗಿಸುವ ಬಲ, 455 ನ್ಯೂಟನ್ ಮೀಟರ್. 13ಕ್ಕೆ 468. 15ಕ್ಕೆ 474. ಪ್ರತಿ ಸಲವೂ ಕಾರಿಗೆ ಉಸಿರು ತೆಗೆದುಕೊಳ್ಳೋಕೆ ಬಿಟ್ಟು, ತಣ್ಣಗಾದ ಮೇಲೆ ಮತ್ತೆ. 17ಕ್ಕೆ 475. ಕೊನೆಗೆ ನನ್ನ ಮ್ಯಾಪಿನಲ್ಲಿದ್ದ 19. ಬಂದದ್ದು 474.

ಆಗಲೇ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, 19 ಅಳಿಸಿ 15 ಬರೆದು, ಆ ಪ್ರಶ್ನೆ ಕೇಳಿದ್ದು. "ನಾಲ್ಕು ಡಿಗ್ರಿ ತೆಗೆದೆ. ಏನು ಕಳ್ಕೊಂಡ್ರಿ, ಹೇಳಿ?"

"ಏನೂ ಇಲ್ಲ," ಅಂದೆ.

"ಹಾಗಾದ್ರೆ ಇಷ್ಟು ದಿನ ಆ ನಾಲ್ಕು ಡಿಗ್ರಿ ಎಲ್ಲಿಗೆ ಹೋಗ್ತಿತ್ತು?"

ಇದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಅವರೇ ಹೇಳಿದರು. ಸಿಲಿಂಡರಿನ ಒತ್ತಡ ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಕೆಳಗಿಳಿದಾಗ ಜೋರಾಗಿದ್ದರೆ ಲಾಭ. ಕಿಡಿ ಅದಕ್ಕಿಂತ ಬೇಗ ಕೊಟ್ಟರೆ ಒತ್ತಡ ಏರುತ್ತಲೇ ಹೋಗುತ್ತದೆ, ಟಾರ್ಕ್ ಏರುವುದಿಲ್ಲ. ಪಿಸ್ಟನ್ ಇನ್ನೂ ಮೇಲೆ ಬರುತ್ತಿದೆ, ನೀವು ತಲೆ ಮೇಲೆ ಹೊಡೆಯುತ್ತಿದ್ದೀರಿ. "ಜೋಕಾಲಿ ಇನ್ನೂ ನಿಮ್ಮ ಕಡೆಗೇ ಬರ್ತಿರುವಾಗ ತಳ್ಳಿ ನೋಡಿ. ಮಣಿಕಟ್ಟು ನೋಯುತ್ತೆ, ಅಷ್ಟೆ." ಪೆಟ್ರೋಲ್ ಟರ್ಬೊದಲ್ಲಿ ಈ ಜಾಗಕ್ಕೆ ಬರುವ ಮೊದಲೇ ನಾಕ್ ಬಂದು ತಡೆಯುತ್ತದೆ. ಎಥನಾಲ್ ತಡೆಯುವುದಿಲ್ಲ. ಗೆರೆ ಎಲ್ಲಿ ದಾಟಿದಿರಿ ಅಂತಲೂ ಹೇಳುವುದಿಲ್ಲ.

ಎದ್ದು ಹೋಗಿ ಶೆಲ್ಫಿನಿಂದ ಒಂದು ಕನೆಕ್ಟಿಂಗ್ ರಾಡ್, ಪಿಸ್ಟನ್ನಿನ ಪೆಟ್ಟನ್ನು ಕ್ರ್ಯಾಂಕಿಗೆ ಮುಟ್ಟಿಸುವ ಸಲಾಕೆ, ತಂದು ನನ್ನ ಕೈಗಿಟ್ಟರು. ನೋಡೋಕೆ ಚೆನ್ನಾಗೇ ಇತ್ತು. ನಾನು ತಿರುಗಿಸಿ ತಿರುಗಿಸಿ ನೋಡಿದೆ, ಏನೂ ಕಾಣಲಿಲ್ಲ. ಅವರು ಒಂದು ಉಕ್ಕಿನ ಪಟ್ಟಿಯನ್ನು ಅದರ ಉದ್ದಕ್ಕೂ ಒತ್ತಿ ಹಿಡಿದು ಕಿಟಕಿ ಕಡೆ ತಿರುಗಿಸಿದರು. ನಡುವೆ ಒಂದು ಬೆಳಕಿನ ಗೆರೆ. ಕೂದಲೆಳೆಗಿಂತ ಸ್ವಲ್ಪ ದಪ್ಪ. "ಇದರ ಓನರ್ ಕೂಡ ಒಂದು ಸಲಾನೂ ನಾಕ್ ಬಂದಿಲ್ಲ ಅಂದಿದ್ರು. ಸುಳ್ಳೇನಲ್ಲ. ಬಂದಿರಲಿಲ್ಲ."

ಆ ಬೆಳಕಿನ ಗೆರೆ ಕಣ್ಣಿಂದ ಹೋಗುತ್ತಿಲ್ಲ. ಎಂಟು ತಿಂಗಳು. ಪ್ರತಿ ಭಾನುವಾರ ಆರೇಳು ಪುಲ್. 4000ದಲ್ಲಿ ಪ್ರತಿ ಸಿಲಿಂಡರಿಗೂ ನಿಮಿಷಕ್ಕೆ ಎರಡು ಸಾವಿರ ಸಲ ಕಿಡಿ. ಅಷ್ಟೂ ಸಲ ನಾಲ್ಕು ಡಿಗ್ರಿ ಬೇಗ, ಅಷ್ಟೂ ಸಲ ಸುಮ್ಮಸುಮ್ಮನೆ. ಯಾರ ಹೊಟ್ಟೆಗೂ ಬೀಳದ ಪೆಟ್ಟು. ಶಕ್ತಿ ಬರುತ್ತಿದೆ ಅಂತ ಇಂಜಿನ್‌ಗೆ ಹೊಡೆದಿದ್ದರೆ ಒಂದು ಲೆಕ್ಕ. ಬಂದದ್ದು ಸೊನ್ನೆ.

ಒಂದು ಅನುಮಾನ ಉಳಿದಿತ್ತು, ಕೇಳಿಯೇಬಿಟ್ಟೆ. "ಎಥನಾಲಲ್ಲಿ ನಾಕ್ ಬರಲ್ಲ ಅಂದ್ಮೇಲೆ ಈ ಹೆಡ್‌ಫೋನ್ ಯಾಕೆ ಸರ್?" ಬ್ಲಾಕಿಗೆ ಸಿಕ್ಕಿಸಿದ ಮೈಕಿನಿಂದ ಇಂಜಿನ್ನಿನ ಒಳಸದ್ದು ಕೇಳುವ ಹೆಡ್‌ಫೋನ್ ಅದು. ಇಡೀ ದಿನ ತೆಗೆದಿರಲಿಲ್ಲ.

"ಬರಲ್ಲ ಅಂತ ಯಾರು ಹೇಳಿದ್ದು? ಪಂಪ್ ಸುಸ್ತಾಗ್ಲಿ, ಇಂಧನ ಕಡಿಮೆ ಆಗ್ಲಿ, ಬರುತ್ತೆ." ಅಷ್ಟು ಹೇಳಿ ಮತ್ತೆ ಕಿವಿ ಮುಚ್ಚಿಕೊಂಡರು. ಇವರಿಗೆ ಗಿರಾಕಿಗಳು ಕಡಿಮೆ ಅಂತ ಕೇಳಿದ್ದೆ. ಕಾರಣ ಗೊತ್ತಾಯಿತು. ನಾವು ಹೋಗುವುದು ಸಿಹಿ ಮಾತು ಕೇಳೋಕೆ, ಇವರ ಹತ್ತಿರ ಅದರ ಸ್ಟಾಕ್ ಇಲ್ಲ.

ಸಂಜೆ ಕೊನೆಯ ಪುಲ್. 368. ಮೇಲಿನ ಆರ್‌ಪಿಎಂನಲ್ಲಿ ಬೇಕಂತಲೇ ಒಂದು ಡಿಗ್ರಿ ಕಡಿಮೆ ಇಟ್ಟಿದ್ದರು, ಕೈಯಲ್ಲಿ ಸ್ವಲ್ಪ ಉಳಿದಿರಲಿ ಅಂತ. ನಮ್ಮ ಹುಡುಗ ಶೀಟ್ ನೋಡಿ ಕಿವಿಯಲ್ಲಿ ಕೇಳಿದ: "ಅಂದ್ರೆ ದುಡ್ಡು ಕೊಟ್ಟು ಮೂರು ಕಡಿಮೆ ಮಾಡಿಸ್ಕೊಂಡ್ಯಾ ಅಣ್ಣ?"

ನಗು ಬಂತು. ಆದರೆ ಅದರ ನಂತರ ನಡೆದದ್ದಕ್ಕೆ ನಗು ಬರಲಿಲ್ಲ. ಹೊರಗೆ ತನ್ನ ಸರದಿಗೆ ಕಾಯುತ್ತಿದ್ದ ಒಬ್ಬರು, ಬೆಳಿಗ್ಗೆಯಿಂದ ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದವರು, "ಎಷ್ಟು ಬಂತು ಬ್ರದರ್?" ಅಂದರು. ನನ್ನ ಬಾಯಿಂದ ಬಂದದ್ದು "371".

ಮೂರೇ ಮೂರು ಎಚ್‌ಪಿಗೆ ಸುಳ್ಳು ಹೇಳಿದ್ದೆ. ಕೈಯಲ್ಲಿ ಆಗಷ್ಟೇ ಪ್ರಿಂಟ್ ಆದ ಶೀಟ್ ಇನ್ನೂ ಬೆಚ್ಚಗಿತ್ತು. ಬಗ್ಗಿದ ರಾಡ್ ಹಿಡಿದು ಎರಡು ಗಂಟೆಯೂ ಆಗಿರಲಿಲ್ಲ. ಮ್ಯಾಪ್ ಕಳಿಸಿದ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂತ ಮಧ್ಯಾಹ್ನದಿಂದ ತಯಾರಾಗುತ್ತಿದ್ದೆ. ಅವನಿಗೆ "ಇನ್ನೂ ಕೊಡಬಹುದು" ಅನ್ನೋದು ಗೊತ್ತಿತ್ತು, ನನಗೆ "ಇನ್ನೂ ಬೇಕು" ಅನ್ನೋದು. ಇಬ್ಬರಲ್ಲಿ ಒಬ್ಬನಾದರೂ "ಬಂದದ್ದೆಷ್ಟು" ಅಂತ ಕೇಳಿದ್ದರೆ ಆಗುತ್ತಿತ್ತು. ಕೇಳಿದ್ದರೆ ಲಾಗ್ ಕಳಿಸುವ ನೆಪ ಮುಗಿದುಹೋಗುತ್ತಿತ್ತು ಅನ್ನೋದು ಬೇರೆ ಮಾತು.

ವಾಪಸ್ ಬರುವಾಗ ನಾನು ಮಾತಾಡಲಿಲ್ಲ. ಅರ್ಧ ದಾರಿಯಲ್ಲಿ ಚಿಕ್ಕಪ್ಪನ ಮಗನೇ ಕೇಳಿದ. "ಅಣ್ಣ, ಇನ್ನು ಭಾನುವಾರ ಲಾಗ್ ಮಾಡೋದು ಇರಲ್ಲ ಅಲ್ವಾ?"

"ಇರಲ್ಲ ಅನ್ಸುತ್ತೆ. ಯಾಕೆ, ಬೇಜಾರಾ?"

"ಛೇ, ಬೇಜಾರಲ್ಲ." ಕಿಟಕಿ ಕಡೆ ನೋಡಿದ. "ಫುಲ್ ಥ್ರಾಟಲಲ್ಲಿ ಲ್ಯಾಪ್‌ಟಾಪ್ ನೋಡ್ತಿದ್ರೆ ವಾಂತಿ ಬರೋ ಹಾಗಾಗ್ತಿತ್ತು."

"ಮೊದಲನೇ ಸಲಾನಾ?"

"ಎಲ್ಲಾ ಸಲಾನೂ."

"ಹೇಳೋದಲ್ವೇನೋ!"

"ನೀನು ಖುಷಿಯಾಗಿದ್ಯಲ್ಲ," ಅಂದ. ಕಿಟಕಿ ಇಳಿಸಿದ. ಹಿಂದಿನಿಂದ ಎಥನಾಲ್ ಹೊಗೆಯ ಆ ಸಿಹಿ ವಾಸನೆ ಒಳಗೆ ಬಂತು. ಕಿಟಕಿ ಮತ್ತೆ ಏರಿಸಿದ.

ಅವತ್ತು ರಾತ್ರಿಯೇ ಕೆಂಪು ನೀಲಿ ಗೆರೆಗಳ ಫೋಟೊ ತೆಗೆದು ಮ್ಯಾಪ್ ಹುಡುಗನಿಗೆ ಕಳಿಸಿದೆ. ನಾಲ್ಕು ಡಿಗ್ರಿ ತೆಗೆದಿದ್ದಾರೆ, ನೋಡು, ಅಂತ ಬರೆದೆ. ಜಗಳಕ್ಕಲ್ಲ, ಅವನ ಬೇರೆ ಗಿರಾಕಿಗಳ ಇಂಜಿನ್‌ಗಳೂ ನೆನಪಾದವು. ಹನ್ನೆರಡಕ್ಕೆ ಉತ್ತರ ಬಂತು.

"ಯಾಕೆ ತೆಗೆದ್ರು? ನಾಕ್ ಬಂತಾ?"

ಮೂರು ಸಲ ಉತ್ತರ ಟೈಪ್ ಮಾಡಿ ಅಳಿಸಿದೆ. ಇನ್ನೂ ಕಳಿಸಿಲ್ಲ.